ನಾಲಗೆಯ ತಕ್ಕಡಿ

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬುದು ನಮ್ಮ ಹಿರಿಯರ ಮಾತು. ಉಡುವ ಬಟ್ಟೆಯ ವಿಷಯದಲ್ಲಿ ನಾಲ್ಕು ಜನರ ಅಭಿಪ್ರಾಯಕ್ಕೆ ಬೆಲೆ ಕೊಡಬಹುದು. ನಾಲಗೆಯ ವಿಷಯದಲ್ಲಿ ಮಾತ್ರ ಅವರವರಿಗೆ ಅವರವರೇ ಒಡೆಯರು, ಅಲ್ಲಿ ವಾದವೂ ಇಲ್ಲ, ತೀರ್ಪೂ ಇಲ್ಲ ಎಂಬುದು ಈ ಗಾದೆಯ ಇಂಗಿತ. ಹೀಗಿದ್ದರೂ ಲೋಕದಲ್ಲಿ ರುಚಿಯನ್ನು ಕುರಿತು ತೀರ್ಪು ಕೊಡುವವರಿಗೆ ಬರವಿಲ್ಲ. ಚಹದ ಎಲೆಗೆ, ಕಾಫಿಯ ಬೀಜಕ್ಕೆ ಕುಡಿದು ನೋಡಿ ದರ್ಜೆಯನ್ನು ಗೊತ್ತುಮಾಡುವ ಪರಿಣತರಿದ್ದಾರೆ. ಅವರ ಒಂದು ಮಾತಿನಿಂದ ಬೆಲೆ ಏರುತ್ತದೆ, ಇಳಿಯುತ್ತದೆ. ಬೆಳೆಗಾರನ ಒಂದು ವರ್ಷದ ದುಡಿಮೆ ಆ ಮಾತನ್ನು ಅವಲಂಬಿಸಿರುತ್ತದೆ. ಹಾಗಾದರೆ ಎರಡು ಪದಾರ್ಥಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ಅವುಗಳ ರುಚಿಯನ್ನು ನ್ಯಾಯವಾಗಿ ಹೋಲಿಸುವುದು ಸಾಧ್ಯವೆ? ತೂಕವನ್ನು ತಕ್ಕಡಿಯಿಂದ ಅಳೆಯುವಂತೆ ರುಚಿಯನ್ನು ನಾಲಗೆಯಿಂದ ಅಳೆಯಬಹುದೆ?

ಈ ಪ್ರಶ್ನೆಯನ್ನು ಪರಿಶೀಲಿಸುವುದಕ್ಕೆ ಕೆಂಪು ದ್ರಾಕ್ಷಾಮದ್ಯ, ಎಂದರೆ ಕೆಂಪು ವೈನ್, ಬಹಳ ಒಳ್ಳೆಯ ಉದಾಹರಣೆ. ಆ ಪಾನೀಯವನ್ನು ಹೊಗಳುವುದು ನನ್ನ ಉದ್ದೇಶವಲ್ಲ. ನಾನು ಅದರ ರಸಿಕನೂ ಅಲ್ಲ. ಆದರೆ ದೂರದೂರದ ನಾಡುಗಳ ಒಂದೇ ಬಗೆಯ ಪದಾರ್ಥವನ್ನು ಒಂದೇ ಮೇಜಿನ ಮೇಲಿಟ್ಟು ಹೋಲಿಸುವ ಪ್ರಯತ್ನವು ವೈನಿನ ವಿಷಯದಲ್ಲಿ ನಡೆದಷ್ಟು ಎಚ್ಚರಿಕೆಯಿಂದ, ಮತ್ತು ಅಷ್ಟೇ ಎಡವುತ್ತ, ಬೇರೆ ಕಡೆ ನಡೆದಿರುವುದು ಅಪರೂಪ. ಆ ಎಡವುಗಳಲ್ಲಿ ಭೌತವಿಜ್ಞಾನದ ವಿದ್ಯಾರ್ಥಿಯು ಕಲಿಯಬೇಕಾದ ಪಾಠವಿದೆ.

ಪ್ಯಾರಿಸ್ಸಿನ ಪರೀಕ್ಷೆ

೧೯೭೬ನೆಯ ಇಸವಿ ಮೇ ತಿಂಗಳ ೨೪ರಂದು ಪ್ಯಾರಿಸ್ ನಗರದ ಒಂದು ದೊಡ್ಡ ಹೋಟೆಲಿನಲ್ಲಿ ಒಂಬತ್ತು ಮಂದಿ ಫ್ರೆಂಚ್ ಪರಿಣತರು ಒಂದು ಮೇಜಿನ ಸುತ್ತ ಕುಳಿತರು. ಅವರಲ್ಲಿ ಹೆಸರಾಂತ ಭೋಜನಶಾಲೆಗಳ ಒಡೆಯರಿದ್ದರು, ದ್ರಾಕ್ಷಿತೋಟಗಳ ಯಜಮಾನರಿದ್ದರು, ವೈನಿಗಾಗಿಯೇ ಮೀಸಲಾದ ಪತ್ರಿಕೆಯ ಸಂಪಾದಕಿಯಿದ್ದಳು. ಅವರನ್ನು ಕರೆಸಿದಾತ ಸ್ಟೀವನ್ ಸ್ಪರಿಯರ್ ಎಂಬ ಇಂಗ್ಲಿಷ್ ವ್ಯಾಪಾರಿ. ಪ್ಯಾರಿಸ್ಸಿನಲ್ಲಿ ಅವನದೊಂದು ವೈನಿನ ಅಂಗಡಿಯಿದ್ದಿತು. ಅಮೆರಿಕದ ಸಂಯುಕ್ತ ಸಂಸ್ಥಾನಗಳು ಸ್ವಾತಂತ್ರ್ಯವನ್ನು ಘೋಷಿಸಿ ಆ ವರ್ಷಕ್ಕೆ ಇನ್ನೂರು ವರ್ಷ ತುಂಬುತ್ತಿದ್ದಿತು. ಆ ನೆಪದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯ ಪ್ರಾಂತದ ವೈನುಗಳನ್ನು ಫ್ರೆಂಚರಿಗೆ ಪರಿಚಯಮಾಡಿಕೊಡಬೇಕೆಂಬುದು ಅವನ ಮತ್ತು ಅವನ ಸಹಾಯಕಿ ಪೆಟ್ರೀಷಿಯ ಗ್ಯಾಲಘರಳ ಯೋಜನೆ.

ಕೆಂಪು ವೈನಿನ ವಿಭಾಗದಲ್ಲಿ ಆರು ಕ್ಯಾಲಿಫೋರ್ನಿಯದವು, ನಾಲ್ಕು ಫ್ರಾನ್ಸಿನ ಬೋರ್ಡೊ ಪ್ರಾಂತದವು. ಈ ನಾಲ್ಕರಲ್ಲಿ ಮೂಟೋನ್ ರಾತ್‌ಶಿಲ್ಡ್, ಓ ಬ್ರಿಯೋ ಎಂಬ ಎರಡು ಅತ್ಯುನ್ನತ ದರ್ಜೆಗೆ ಸೇರಿದವು. ಆ ದರ್ಜೆಗಳನ್ನು ೧೮೫೫ರಲ್ಲಿ ಬೋರ್ಡೊ ನಗರದ ದಲ್ಲಾಳಿಗಳು ಮಾರುಕಟ್ಟೆಯ ಬೆಲೆಯನ್ನು ಮುಖ್ಯ ಆಧಾರವಾಗಿಟ್ಟುಕೊಂಡು ಗೊತ್ತುಮಾಡಿದ್ದರು; ಮೂಟೋನ್ ೧೯೭೩ರಲ್ಲಿ ಮೇಲಿನ ದರ್ಜೆಗೆ ಏರಿದುದನ್ನು ಬಿಟ್ಟರೆ ಆ ಪಟ್ಟಿ ಹೆಚ್ಚಾಗಿ ಬದಲಾಗಿರಲಿಲ್ಲ. ಇದಕ್ಕೆ ಎದುರಾಗಿ ಕ್ಯಾಲಿಫೋರ್ನಿಯದ ವೈನುಗಳಲ್ಲಿ ಕೆಲವನ್ನು ತಯಾರಿಸಿದ ಸಂಸ್ಥೆಗಳಿಗೆ ಹತ್ತು ವರ್ಷ ವಯಸ್ಸೂ ಆಗಿರಲಿಲ್ಲ.

ಶೀಷೆಗಳ ಗುರುತು ಯಾರಿಗೂ ಕಾಣದಂತೆ ಮಾಡಿ, ಒಂದೊಂದಾಗಿ ಬಟ್ಟಲುಗಳಿಗೆ ಸುರಿದು, ಪ್ರತಿಯೊಂದಕ್ಕೂ ೨೦ಕ್ಕೆ ಇಷ್ಟೆಂದು ಅಂಕ ಕೊಡುವಂತೆ ಕೇಳಿಕೊಳ್ಳಲಾಯಿತು. ಫಲಿತಾಂಶ ಬಂದಾಗ ಮೊದಲ ಸ್ಥಾನ ಸ್ಟ್ಯಾಗ್ಸ್ ಲೀಪ್ ಎಂಬ ಕ್ಯಾಲಿಫೋರ್ನಿಯದ ೧೯೭೩ರ ವೈನಿಗೆ ಸಂದಿತ್ತು! ಎರಡನೆಯದು ಮೂಟೋನ್. ಅಂದೇ ನಡೆದ ಬಿಳಿಯ ವೈನಿನ ಪರೀಕ್ಷೆಯಲ್ಲಿಯೂ ಕ್ಯಾಲಿಫೋರ್ನಿಯದ್ದೇ ಮೊದಲು. ಅಲ್ಲಿಗೆ ಬಂದಿದ್ದ ಏಕೈಕ ಪತ್ರಿಕಾ ವರದಿಗಾರ, ‘ಟೈಮ್’ ವಾರಪತ್ರಿಕೆಯ ಜಾರ್ಜ್ ಟೇಬರ್, ಈ ಸಂಗತಿಯನ್ನು ಬರೆದು ಲೋಕಕ್ಕೆ ತಿಳಿಸಿದನು. ಫ್ರಾನ್ಸಿನ ಕೀರ್ತಿಗೆ ದೊಡ್ಡ ಪೆಟ್ಟು ಬಿದ್ದಿತೆಂದೂ ಕ್ಯಾಲಿಫೋರ್ನಿಯದ ಬೆಳೆಗಾರರಿಗೆ ಹೊಸ ಯುಗ ಆರಂಭವಾಯಿತೆಂದೂ ಇಂದಿಗೂ ಹೇಳುವುದುಂಟು.

ಇಲ್ಲಿಯವರೆಗಿನ ಕಥೆ ಬಹು ಜನರಿಗೆ ತಿಳಿದದ್ದೆ. ನಾವೀಗ ಅಂಕಗಳ ಪಟ್ಟಿಯನ್ನು ನೋಡೋಣ. ಅಧಿಕೃತವಾಗಿ ಲೆಕ್ಕಕ್ಕೆ ಬಂದದ್ದು ಒಂಬತ್ತು ಫ್ರೆಂಚರ ಅಂಕಗಳು. ಸ್ಪರಿಯರ್ ಮತ್ತು ಗ್ಯಾಲಘರ್ ಕೂಡ ರುಚಿ ನೋಡಿ ಅಂಕ ಕೊಟ್ಟಿದ್ದರು. ಹನ್ನೊಂದು ಮಂದಿಯ ಅಂಕಗಳನ್ನೂ ಕೂಡಿದರೆ ಸ್ಟ್ಯಾಗ್ಸ್ ಲೀಪ್‌ಗೆ ೧೫೫.೫, ಮೂಟೋನ್‌ಗೆ ೧೫೫. ಸರಾಸರಿ ೧೪.೧೪ ಮತ್ತು ೧೪.೦೯. ಹನ್ನೊಂದು ಜನರು ಕೊಟ್ಟ ಒಟ್ಟು ಅಂಕಗಳಲ್ಲಿ ವ್ಯತ್ಯಾಸ ಕೇವಲ ಅರ್ಧ ಅಂಕ!

ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಯೊಬ್ಬನು ಎರಡು ತಂತಿಗಳ ಉದ್ದವನ್ನು ಅಳೆದು ‘ಒಂದು ೧೪.೧೪ ಸೆಂಟಿಮೀಟರು, ಇನ್ನೊಂದು ೧೪.೦೯, ಆದುದರಿಂದ ಮೊದಲನೆಯದೇ ಉದ್ದ’ ಎಂದು ಬರೆದು ತಂದರೆ, ಅಧ್ಯಾಪಕನು ಕೇಳುವ ಮೊದಲ ಪ್ರಶ್ನೆ ಇದು: ‘ನಿನ್ನ ಅಳತೆಕೋಲು ಎಷ್ಟು ಸೂಕ್ಷ್ಮವಾದುದು?’ ಪ್ಯಾರಿಸ್ಸಿನ ಪರೀಕ್ಷೆಯಲ್ಲಿ ಅಳತೆಕೋಲು ಮನುಷ್ಯನ ನಾಲಗೆ ಮತ್ತು ಮೂಗು. ಅವು ಎಷ್ಟು ಸೂಕ್ಷ್ಮ? ಎಷ್ಟು ನಂಬಿಕೆಗೆ ಅರ್ಹ? ಅದಕ್ಕೂ ಮೊದಲು ಇನ್ನೊಂದು ಪ್ರಶ್ನೆಯಿದೆ. ಆ ಬಟ್ಟಲುಗಳ ನಡುವೆ ಅಳೆಯತಕ್ಕ ವ್ಯತ್ಯಾಸವೇನಾದರೂ ಇದ್ದಿತೆ?

ಬಿಸಿಲು, ಮಳೆ ಮತ್ತು ದ್ರಾಕ್ಷಿ

ಇದ್ದಿತು, ಅದರಲ್ಲಿ ಸಂದೇಹವಿಲ್ಲ. ಎರಡು ಪ್ರಾಂತಗಳ ವೈನಿಗೂ ಮುಖ್ಯ ಆಧಾರ ಕ್ಯಾಬರ್ನೆ ಸೋವಿನ್ಯೋನ್ ಎಂಬ ಒಂದೇ ಜಾತಿಯ ದ್ರಾಕ್ಷಿ. ಬೋರ್ಡೊದಲ್ಲಿ ಅದರೊಂದಿಗೆ ಬೇರೆ ಒಂದೆರಡು ಜಾತಿಗಳನ್ನು ಬೆರೆಸುವ ವಾಡಿಕೆ ಹೆಚ್ಚು. ಆದರೆ ಜಾತಿ ಒಂದಾದರೂ ನೆಲ ಬೇರೆ, ಬಿಸಿಲು ಬೇರೆ. ಬೋರ್ಡೊ ಇರುವುದು ಉತ್ತರ ಅಕ್ಷಾಂಶ ೪೫ ಡಿಗ್ರಿಯ ಹತ್ತಿರ, ಅಟ್ಲಾಂಟಿಕ್ ಸಾಗರದ ಮಗ್ಗುಲಲ್ಲಿ. ಅಲ್ಲಿ ಬೇಸಗೆ ಸೌಮ್ಯ. ಮಳೆ ವರ್ಷದ ಎಲ್ಲ ತಿಂಗಳುಗಳಲ್ಲಿಯೂ ಬೀಳಬಹುದು. ಕ್ಯಾಲಿಫೋರ್ನಿಯದ ನಾಪಾ ಕಣಿವೆ ೩೮ ಡಿಗ್ರಿಯ ಬಳಿ ಇದೆ. ಅಲ್ಲಿ ಬೇಸಗೆಯೆಲ್ಲ ಒಣ ಬಿಸಿಲು.

ಬಿಸಿಲು ಹೆಚ್ಚಾದಷ್ಟೂ ಹಣ್ಣಿನಲ್ಲಿ ಸಕ್ಕರೆ ಬೇಗ ಕೂಡುತ್ತದೆ. ಯೀಸ್ಟ್ ಎಂಬ ಸೂಕ್ಷ್ಮಜೀವಿಗಳು ಈ ಸಕ್ಕರೆಯನ್ನು ಮದ್ಯಸಾರವನ್ನಾಗಿ ಮಾರ್ಪಡಿಸುತ್ತವೆ. ಒಂದು ಲೀಟರು ರಸದಲ್ಲಿರುವ ಸುಮಾರು ೧೭ ಗ್ರಾಂ ಸಕ್ಕರೆಯಿಂದ ನೂರಕ್ಕೆ ಒಂದು ಭಾಗ ಮದ್ಯಸಾರ ಉಂಟಾಗುವುದರಿಂದ, ೨೨೦ ಗ್ರಾಂ ಸಕ್ಕರೆಯುಳ್ಳ ರಸದಿಂದ ಸುಮಾರು ನೂರಕ್ಕೆ ೧೩ರ ಮದ್ಯ ದೊರೆಯುತ್ತದೆ. ಬಿಸಿಯ ನಾಡಿನಲ್ಲಿ ಹಣ್ಣಿನೊಳಗಿನ ಮ್ಯಾಲಿಕ್ ಆಮ್ಲವು ಉಸಿರಾಟದಲ್ಲಿ ಬೇಗ ಖರ್ಚಾಗಿಹೋಗುತ್ತದೆ. ತಂಪಿನ ನಾಡಿನಲ್ಲಿ ಹುಳಿ ಉಳಿಯುತ್ತದೆ. ಹೀಗೆ ಒಂದೇ ಬಳ್ಳಿಯು ಒಂದೆಡೆ ಹೆಚ್ಚು ಸಾರವುಳ್ಳ ವೈನನ್ನೂ ಇನ್ನೊಂದೆಡೆ ಹೆಚ್ಚು ಹುಳಿಯುಳ್ಳ ವೈನನ್ನೂ ಕೊಡಬಲ್ಲುದು.

ಪರಿಮಳದ ಕಥೆ ಇನ್ನೂ ಸೋಜಿಗದ್ದು. ಪೂರ್ತಿ ಮಾಗದ ಕ್ಯಾಬರ್ನೆ ದ್ರಾಕ್ಷಿಯಲ್ಲಿ ಹಸಿಯ ದೊಣ್ಣೆಮೆಣಸಿನಕಾಯಿಯ ವಾಸನೆಯನ್ನು ಹೋಲುವ ಒಂದು ವಾಸನೆಯಿರುತ್ತದೆ. ದೊಣ್ಣೆಮೆಣಸಿನಕಾಯಿಯಲ್ಲಿರುವ ಮೆಥಾಕ್ಸಿಪೈರಜೀನ್ ವರ್ಗದ ದ್ರವ್ಯವೇ ಇಲ್ಲಿಯೂ ಅದಕ್ಕೆ ಕಾರಣ. ಗೊಂಚಲಿಗೆ ಬಿಸಿಲು ಬಿದ್ದು ಹಣ್ಣು ಮಾಗಿದಂತೆ ಅದು ಕಡಿಮೆಯಾಗುತ್ತದೆ. ಒಂದು ಲೀಟರು ನೀರಿನಲ್ಲಿ ಈ ದ್ರವ್ಯ ೨ ನ್ಯಾನೊಗ್ರಾಮಿನಷ್ಟಿದ್ದರೂ ಮೂಗು ಗುರುತಿಸಬಲ್ಲುದು. ಲೆಕ್ಕ ಹಾಕಿ ನೋಡಿ: ಇಪ್ಪತ್ತೈದು ಲಕ್ಷ ಲೀಟರು ನೀರು ಹಿಡಿಯುವ ಕೊಳಕ್ಕೆ ಬರಿಯ ೫ ಮಿಲಿಗ್ರಾಂ ಹಾಕಿದರೆ ಸಾಕು! ಕಾಲೇಜಿನ ಪ್ರಯೋಗಶಾಲೆಯ ಯಾವ ಉಪಕರಣಕ್ಕೂ ಈ ಸೂಕ್ಷ್ಮತೆಯಿಲ್ಲ.

ಆದುದರಿಂದ ಬಟ್ಟಲುಗಳ ನಡುವೆ ವ್ಯತ್ಯಾಸವಿದೆ. ಅದನ್ನು ಗುರುತಿಸುವ ಸೂಕ್ಷ್ಮತೆಯೂ ಮನುಷ್ಯನ ಮೂಗಿಗಿದೆ. ಮತ್ತೆ ತೊಂದರೆಯೆಲ್ಲಿ? ಸೂಕ್ಷ್ಮತೆ ಬೇರೆ, ನಂಬಿಕೆಗೆ ಅರ್ಹತೆ ಬೇರೆ ಎಂಬುದೇ ತೊಂದರೆಯ ಮೂಲ.

ಎಣ್ಣೆಚುಕ್ಕೆಯ ಪಾಠ

ಎರಡು ದೀಪಗಳ ಬೆಳಕನ್ನು ಹೋಲಿಸುವುದಕ್ಕೆ ಬುನ್ಸೆನ್ ಎಂಬ ಜರ್ಮನ್ ವಿಜ್ಞಾನಿಯು ಕಂಡುಹಿಡಿದ ಸರಳವಾದ ದೀಪ್ತಿಮಾಪಕವನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಒಂದು ಬಿಳಿಯ ಕಾಗದದ ನಡುವೆ ಎಣ್ಣೆಯ ಚುಕ್ಕೆಯಿಟ್ಟು ಅದನ್ನು ಎರಡು ದೀಪಗಳ ನಡುವೆ ನಿಲ್ಲಿಸುತ್ತಾರೆ. ಒಂದು ಕಡೆಯ ಬೆಳಕು ಹೆಚ್ಚಾದರೆ ಚುಕ್ಕೆ ಎದ್ದು ಕಾಣುತ್ತದೆ. ಎರಡೂ ಕಡೆ ಬೆಳಕು ಸಮವಾದಾಗ ಚುಕ್ಕೆ ಕಣ್ಣಿಗೆ ಮಾಯವಾದಂತಾಗುತ್ತದೆ. ‘ಈ ದೀಪದ ಬೆಳಕು ಎಷ್ಟು?’ ಎಂದು ಕೇಳಿದರೆ ನಮ್ಮ ಕಣ್ಣು ಉತ್ತರ ಕೊಡಲಾರದು. ‘ಇವೆರಡೂ ಸಮವೆ?’ ಎಂದು ಕೇಳಿದರೆ ಅದೇ ಕಣ್ಣು ಬಹಳ ಚೆನ್ನಾಗಿ ಉತ್ತರ ಕೊಡುತ್ತದೆ. ಇಂದ್ರಿಯಗಳ ಸ್ವಭಾವವೇ ಹೀಗೆ: ಅವು ಅಳೆಯುವುದರಲ್ಲಿ ದುರ್ಬಲ, ಹೋಲಿಸುವುದರಲ್ಲಿ ಸಮರ್ಥ.

ನಾಲಗೆಯೂ ಇದಕ್ಕೆ ಹೊರತಲ್ಲ. ಕಳೆದ ವರ್ಷ ಕುಡಿದ ವೈನನ್ನು ಇಂದಿನದರೊಂದಿಗೆ ನೆನಪಿನಿಂದ ಹೋಲಿಸುವುದು ವ್ಯರ್ಥ. ಎರಡು ಬಟ್ಟಲುಗಳನ್ನು ಪಕ್ಕಪಕ್ಕದಲ್ಲಿಟ್ಟಾಗ ಮಾತ್ರ ಒಂದರ ಹುಳಿ, ಇನ್ನೊಂದರ ಒಗರು ಎದ್ದು ತೋರುತ್ತವೆ. ಆದರೆ ದೀಪ್ತಿಮಾಪಕವನ್ನು ಬಳಸುವವನು ಕೆಲವು ನಿಯಮಗಳನ್ನು ಪಾಲಿಸಬೇಕಷ್ಟೆ. ಕೋಣೆ ಕತ್ತಲಾಗಿರಬೇಕು, ಬೇರೆ ಬೆಳಕು ನುಸುಳಬಾರದು. ಹಾಗೆಯೇ ಇಲ್ಲಿಯೂ ಬಟ್ಟಲುಗಳು ಒಂದೇ ಆಕಾರದವು ಆಗಿರಬೇಕು. ಉಷ್ಣತೆ ಒಂದೇ ಇರಬೇಕು, ಏಕೆಂದರೆ ಉಷ್ಣತೆ ಹೆಚ್ಚಿದಂತೆ ಪರಿಮಳದ ದ್ರವ್ಯಗಳು ಹೆಚ್ಚು ಆವಿಯಾಗಿ ಮೂಗನ್ನು ಸೇರುತ್ತವೆ. ಅನುಕ್ರಮವೂ ಮುಖ್ಯ. ಕೆಂಪು ವೈನಿನ ಒಗರಿಗೆ ಕಾರಣವಾದ ಟ್ಯಾನಿನ್ ಎಂಬ ದ್ರವ್ಯವು ಜೊಲ್ಲಿನಲ್ಲಿರುವ ಪ್ರೋಟೀನುಗಳಿಗೆ ಅಂಟಿಕೊಂಡು ಬಾಯಿಯ ನುಣುಪನ್ನು ಕಳೆಯುತ್ತದೆ. ಎಳೆಯ ಬಾಳೆಕಾಯಿಯನ್ನೋ ನೇರಳೆ ಹಣ್ಣನ್ನೋ ತಿಂದವರಿಗೆ ಇದರ ಅನುಭವ ಉಂಟು. ಗುಟುಕಿನಿಂದ ಗುಟುಕಿಗೆ ಈ ಒಗರು ಕೂಡುತ್ತ ಹೋಗುತ್ತದೆ. ಪರಿಣತರು ವೈನನ್ನು ನುಂಗದೆ ಉಗುಳಿದರೂ, ಹತ್ತನೆಯ ಬಟ್ಟಲನ್ನು ಮುಟ್ಟುವ ನಾಲಗೆ ಮೊದಲನೆಯ ಬಟ್ಟಲನ್ನು ಮುಟ್ಟಿದ ನಾಲಗೆಯಲ್ಲ. ಅದಕ್ಕಾಗಿಯೇ ಒಬ್ಬೊಬ್ಬ ಪರೀಕ್ಷಕನಿಗೆ ಬೇರೆ ಬೇರೆ ಅನುಕ್ರಮದಲ್ಲಿ ಬಟ್ಟಲುಗಳನ್ನು ಕೊಡಬೇಕಾಗುತ್ತದೆ.

ಇಷ್ಟೆಲ್ಲ ಮಾಡಿದರೂ ನುಸುಳುವ ಒಂದು ‘ಬೆಳಕು’ ಉಳಿಯುತ್ತದೆ. ಅದು ಹೊರಗಿನಿಂದ ಬರುವುದಿಲ್ಲ. ಪರೀಕ್ಷಕನ ತಲೆಯೊಳಗಿನಿಂದಲೇ ಬರುತ್ತದೆ.

ಕಣ್ಣಿನ ಮೋಸ, ಬೆಲೆಯ ಮೋಸ

೨೦೦೧ರಲ್ಲಿ ಮೊರೊ, ಬ್ರೋಶೆ ಮತ್ತು ದ್ಯುಬುರ್ದ್ಯೂ ಎಂಬ ಫ್ರೆಂಚ್ ವಿಜ್ಞಾನಿಗಳು ಒಂದು ಪ್ರಯೋಗವನ್ನು ಪ್ರಕಟಿಸಿದರು. ಬೋರ್ಡೊ ವಿಶ್ವವಿದ್ಯಾನಿಲಯದಲ್ಲಿ ವೈನಿನ ಶಾಸ್ತ್ರವನ್ನೇ ಓದುತ್ತಿದ್ದ ೫೪ ವಿದ್ಯಾರ್ಥಿಗಳಿಗೆ ಮೊದಲು ಒಂದು ಬಿಳಿಯ ವೈನನ್ನೂ ಒಂದು ಕೆಂಪು ವೈನನ್ನೂ ಕೊಟ್ಟು ಅವುಗಳ ವಾಸನೆಯನ್ನು ವರ್ಣಿಸುವಂತೆ ಹೇಳಿದರು. ಬಿಳಿಯದಕ್ಕೆ ಜೇನು, ನಿಂಬೆ ಮೊದಲಾದ ತಿಳಿಬಣ್ಣದ ವಸ್ತುಗಳ ಹೋಲಿಕೆ ಬಂದಿತು. ಕೆಂಪಿಗೆ ಗಾಢವರ್ಣದ ಹಣ್ಣುಗಳ, ಸಾಂಬಾರ ಪದಾರ್ಥಗಳ ಹೋಲಿಕೆ. ಇನ್ನೊಂದು ದಿನ ಮತ್ತೆ ಎರಡು ಬಟ್ಟಲುಗಳನ್ನು ಮುಂದಿಟ್ಟರು. ಈ ಸಲ ಎರಡರಲ್ಲಿಯೂ ಇದ್ದುದು ಅದೇ ಬಿಳಿಯ ವೈನು. ಒಂದಕ್ಕೆ ಮಾತ್ರ ವಾಸನೆಯಿಲ್ಲದ ಕೆಂಪು ಬಣ್ಣವನ್ನು ಬೆರೆಸಿದ್ದರು. ಬಣ್ಣ ಬೆರೆತ ಬಿಳಿಯ ವೈನನ್ನು ವಿದ್ಯಾರ್ಥಿಗಳು ಕೆಂಪು ವೈನಿನ ಮಾತುಗಳಲ್ಲಿಯೇ ವರ್ಣಿಸಿದರು. ಮೂಗು ಹೇಳಬೇಕಾದುದನ್ನು ಕಣ್ಣು ಮೊದಲೇ ಹೇಳಿಬಿಟ್ಟಿತ್ತು.

ಬೆಲೆಯೂ ಹೀಗೆಯೇ ಕೆಲಸಮಾಡುತ್ತದೆ. ೨೦೦೮ರಲ್ಲಿ ಅಮೆರಿಕದ ಸಂಶೋಧಕರು ಇಪ್ಪತ್ತು ಮಂದಿಗೆ ಕ್ಯಾಬರ್ನೆ ವೈನುಗಳನ್ನು ಬೆಲೆ ತಿಳಿಸಿ ಕುಡಿಸುತ್ತ, ಅವರ ಮಿದುಳಿನ ಚಟುವಟಿಕೆಯನ್ನು ಕಾಂತೀಯ ಅನುರಣನದ ಯಂತ್ರದಿಂದ ನೋಡಿದರು. ೯೦ ಡಾಲರಿನ ವೈನನ್ನು ಒಮ್ಮೆ ೯೦ ಎಂದೂ ಇನ್ನೊಮ್ಮೆ ೧೦ ಡಾಲರ್ ಎಂದೂ ಹೇಳಿ ಕೊಟ್ಟರು. ೫ ಡಾಲರಿನದನ್ನು ೪೫ ಎಂದೂ ಹೇಳಿ ಕೊಟ್ಟರು. ಬೆಲೆ ಹೆಚ್ಚೆಂದು ಕೇಳಿದಾಗ ಜನರು ಅದೇ ವೈನನ್ನು ಹೆಚ್ಚು ರುಚಿಯೆಂದರು. ಸುಖಾನುಭವಕ್ಕೆ ಸಂಬಂಧಿಸಿದ ಮಿದುಳಿನ ಒಂದು ಭಾಗವೂ ಹೆಚ್ಚು ಚುರುಕಾಯಿತು. ಅವರು ಸುಳ್ಳು ಹೇಳುತ್ತಿರಲಿಲ್ಲ ಎಂಬುದನ್ನು ಗಮನಿಸಬೇಕು. ಅವರಿಗೆ ನಿಜವಾಗಿಯೂ ಹಾಗೆಯೇ ಅನಿಸಿತು. ‘ಹೆತ್ತವರಿಗೆ ಹೆಗ್ಗಣ ಮುದ್ದು’ ಎನ್ನುವಾಗ ಹೆತ್ತವರು ನಟಿಸುತ್ತಾರೆಂದು ಯಾರೂ ತಿಳಿಯುವುದಿಲ್ಲವಷ್ಟೆ.

ಈ ಕಾರಣದಿಂದಲೇ ಸ್ಪರಿಯರ್ ಶೀಷೆಗಳ ಗುರುತನ್ನು ಮರೆಮಾಡಿದ್ದು. ಆದರೂ ಅವನ ಪ್ರಯೋಗದಲ್ಲಿ ಒಂದು ಬಿರುಕಿದ್ದಿತು. ಕೆಂಪು ವೈನಿನ ಪರೀಕ್ಷೆಗೆ ಮೊದಲೇ ಬಿಳಿಯ ವೈನಿನ ಫಲಿತಾಂಶವನ್ನು ಅವನು ಓದಿಹೇಳಿಬಿಟ್ಟನು. ಒಮ್ಮೆ ಸೋತೆವೆಂದು ತಿಳಿದ ಪರೀಕ್ಷಕರು ಎರಡನೆಯ ಸಲ ಬಟ್ಟಲನ್ನು ಎತ್ತಿದಾಗ ಅವರ ಮನಸ್ಸು ಮೊದಲಿನಂತೆ ಇದ್ದೀತೆ?

ಒಂದೇ ವಸ್ತುವನ್ನು ಎರಡು ಸಲ ತೂಗಿದಾಗ

ತಕ್ಕಡಿ ನೆಚ್ಚಿಕೆಗೆ ಯೋಗ್ಯವೇ ಎಂದು ತಿಳಿಯಲು ಸುಲಭವಾದ ಉಪಾಯ, ಅದೇ ವಸ್ತುವನ್ನು ಮತ್ತೊಮ್ಮೆ ತೂಗಿನೋಡುವುದು. ಈ ಉಪಾಯ ನನಗೆ ಪುಸ್ತಕದಿಂದ ಚೆನ್ನಾಗಿ ಗೊತ್ತಿದ್ದಿತು. ಅನುಭವದಿಂದ ಗೊತ್ತಾದುದು ಒಂದು ಮೌಲ್ಯಮಾಪನದ ಶಿಬಿರದಲ್ಲಿ.

ನಾನು ಅಧ್ಯಾಪಕನಾಗಿ ಮೂರನೆಯ ವರ್ಷ. ದಿನಕ್ಕೆ ನಲವತ್ತು ಉತ್ತರಪತ್ರಿಕೆಗಳಂತೆ ನೋಡುತ್ತಿದ್ದೆ. ಒಂದು ಸಂಜೆ ನಮ್ಮ ಮುಖ್ಯ ಪರೀಕ್ಷಕರು ಒಂದು ಪತ್ರಿಕೆಯನ್ನು ಮುಂದಿಟ್ಟು ಅಂಕ ಕೊಡುವಂತೆ ಹೇಳಿದರು. ಬರಹ ಎಲ್ಲಿಯೋ ಕಂಡಂತಿದ್ದರೂ ಗುರುತು ಹತ್ತಲಿಲ್ಲ. ನಾನು ನೂರಕ್ಕೆ ೩೮ ಕೊಟ್ಟೆ. ಅವರು ಏನೂ ಹೇಳದೆ ಇನ್ನೊಂದು ಹಾಳೆಯನ್ನು ತೆರೆದು ತೋರಿಸಿದರು. ಅದು ಅದೇ ಉತ್ತರಗಳ ಮೂಲಪ್ರತಿ. ಎರಡು ದಿನಗಳ ಹಿಂದೆ, ಬೆಳಗಿನ ಹೊತ್ತು, ಚೆನ್ನಾಗಿ ಬರೆದ ಮೂರು ಪತ್ರಿಕೆಗಳ ಬೆನ್ನಿಗೇ ಅದನ್ನು ನೋಡಿ ನಾನೇ ೩೩ ಎಂದು ಬರೆದಿದ್ದೆ. ಉತ್ತೀರ್ಣನಾಗಲು ಬೇಕಾದುದು ೩೫. ‘ಹುಡುಗ ಅದೇ, ಉತ್ತರ ಅದೇ, ಪರೀಕ್ಷಕರೂ ನೀವೇ. ಬದಲಾದುದು ಯಾವುದು?’ ಎಂದು ಅವರು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ಪ್ರತಿಯೊಂದು ಕಟ್ಟು ಮುಗಿದ ಮೇಲೆ ಮೊದಲಿನ ಹತ್ತು ಪತ್ರಿಕೆಗಳನ್ನು, ಕೊಟ್ಟ ಅಂಕಗಳನ್ನು ಮುಚ್ಚಿಟ್ಟುಕೊಂಡು, ಮತ್ತೆ ನೋಡುವುದನ್ನು ಅಭ್ಯಾಸಮಾಡಿಕೊಂಡಿದ್ದೇನೆ.

ವೈನಿನ ಪರಿಣತರನ್ನು ಈ ರೀತಿಯಲ್ಲಿ ಪರೀಕ್ಷೆಗೆ ಒಳಪಡಿಸಿದವನು ರಾಬರ್ಟ್ ಹಾಡ್ಜ್‌ಸನ್. ಅವನು ಸಮುದ್ರವಿಜ್ಞಾನದ ಅಧ್ಯಾಪಕನಾಗಿದ್ದು ಸ್ವಂತ ದ್ರಾಕ್ಷಿತೋಟವನ್ನೂ ಇಟ್ಟುಕೊಂಡಿದ್ದವನು. ತನ್ನ ವೈನು ಒಂದು ಸ್ಪರ್ಧೆಯಲ್ಲಿ ಚಿನ್ನದ ಪದಕವನ್ನು ಪಡೆದು ಇನ್ನೊಂದರಲ್ಲಿ ಏನನ್ನೂ ಪಡೆಯದಿರುವುದೇಕೆ ಎಂಬುದು ಅವನನ್ನು ಕಾಡಿದ ಪ್ರಶ್ನೆ. ೨೦೦೫ರಿಂದ ಕೆಲವು ವರ್ಷ, ಕ್ಯಾಲಿಫೋರ್ನಿಯದ ರಾಜ್ಯಮೇಳದ ಸ್ಪರ್ಧೆಯಲ್ಲಿ, ಪರಿಣತರಿಗೆ ತಿಳಿಯದಂತೆ ಒಂದೇ ಶೀಷೆಯ ವೈನನ್ನು ಮೂರು ಬಟ್ಟಲುಗಳಲ್ಲಿ ಸುರಿದು ಬೇರೆ ವೈನುಗಳ ನಡುವೆ ಸೇರಿಸಿ ಕೊಡುವ ವ್ಯವಸ್ಥೆಯಾಯಿತು. ೨೦೦೮ರಲ್ಲಿ ಪ್ರಕಟವಾದ ಫಲಿತಾಂಶವಿದು: ಮೂರು ಬಟ್ಟಲುಗಳಿಗೂ ಒಂದೇ ಪದಕದ ದರ್ಜೆಯೊಳಗೆ ಅಂಕ ಕೊಟ್ಟವರು ಸುಮಾರು ಹತ್ತರಲ್ಲಿ ಒಬ್ಬರು ಮಾತ್ರ. ಇನ್ನೂ ಹತ್ತರಲ್ಲಿ ಒಬ್ಬರಂತೂ ಅದೇ ವೈನಿಗೆ ಒಮ್ಮೆ ಕಂಚನ್ನೂ ಒಮ್ಮೆ ಚಿನ್ನವನ್ನೂ ಕೊಟ್ಟಿದ್ದರು!

ಇದು ಚಿತ್ತಚಾಂಚಲ್ಯದ ಮಾತಾಯಿತು. ಉಪಕರಣಗಳು ಹುಟ್ಟಿನಿಂದಲೇ ಬೇರೆಯಾಗಿರುವುದೂ ಉಂಟು. ಫ್ರಾನ್ಸಿನ ರೋನ್ ನದಿಯ ಕಣಿವೆಯಲ್ಲಿಯೂ ಆಸ್ಟ್ರೇಲಿಯದ ತಂಪಾದ ಸೀಮೆಗಳಲ್ಲಿಯೂ ಬೆಳೆಯುವ ಸಿರಾ ಎಂಬ ದ್ರಾಕ್ಷಿಯ ವೈನಿನಲ್ಲಿ ಕರಿಮೆಣಸಿನ ವಾಸನೆಯಿದೆಯೆಂದು ಪರಿಣತರು ಬಹಳ ಕಾಲದಿಂದ ಹೇಳುತ್ತಿದ್ದರು. ಅದು ಬರಿಯ ಉಪಮೆಯಲ್ಲ ಎಂದು ೨೦೦೮ರಲ್ಲಿ ಆಸ್ಟ್ರೇಲಿಯದ ವಿಜ್ಞಾನಿಗಳು ತೋರಿಸಿದರು. ನಮ್ಮ ಮಲೆನಾಡಿನ ಬಳ್ಳಿಗಳಲ್ಲಿ ಬೆಳೆಯುವ ಕರಿಮೆಣಸಿಗೆ ಆ ಪರಿಮಳವನ್ನು ಕೊಡುವ ರೊಟಂಡೋನ್ ಎಂಬ ದ್ರವ್ಯವೇ ಆ ವೈನಿನಲ್ಲಿಯೂ ಇದೆ. ಒಂದು ಲೀಟರು ಕೆಂಪು ವೈನಿನಲ್ಲಿ ೧೬ ನ್ಯಾನೊಗ್ರಾಂ ಇದ್ದರೆ ಅದರ ಇರವು ಗೊತ್ತಾಗುತ್ತದೆ. ಆದರೆ ಪರೀಕ್ಷೆಗೆ ಒಳಗಾದವರಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ, ಅದರ ಪ್ರಮಾಣವನ್ನು ನೂರಾರು ಪಟ್ಟು ಹೆಚ್ಚಿಸಿದಾಗಲೂ, ಆ ವಾಸನೆ ತಿಳಿಯಲೇ ಇಲ್ಲ. ಇಬ್ಬರು ಪರೀಕ್ಷಕರು ಒಂದೇ ಬಟ್ಟಲನ್ನು ಮೂಸಿ ಎರಡು ಬೇರೆ ವೈನುಗಳನ್ನು ಕಾಣಬಹುದು, ಇಬ್ಬರೂ ಪ್ರಾಮಾಣಿಕರೇ.

ಅರ್ಧ ಅಂಕದ ಬೆಲೆ

ಈಗ ಪ್ಯಾರಿಸ್ಸಿನ ಅರ್ಧ ಅಂಕಕ್ಕೆ ಹಿಂದಿರುಗೋಣ. ಒಬ್ಬ ಪರಿಣತನ ಅಂಕವೇ ದಿನದಿಂದ ದಿನಕ್ಕೆ ಒಂದೆರಡು ಏರಿಳಿಯುವಾಗ ಹನ್ನೊಂದು ಜನರ ಮೊತ್ತದಲ್ಲಿ ಅರ್ಧ ಅಂಕದ ವ್ಯತ್ಯಾಸಕ್ಕೆ ಯಾವ ಅರ್ಥವೂ ಇಲ್ಲ. ಸರಾಸರಿಯಲ್ಲಿ ಇನ್ನೊಂದು ದೋಷವೂ ಅಡಗಿದೆ. ಒಬ್ಬ ಪರೀಕ್ಷಕನು ಎಲ್ಲಕ್ಕೂ ೧೨ರಿಂದ ೧೬ರ ಒಳಗೇ ಅಂಕ ಕೊಡುತ್ತಾನೆ, ಇನ್ನೊಬ್ಬನು ೨ರಿಂದ ೧೮ರವರೆಗೆ ಕೈಚಾಚುತ್ತಾನೆ ಎಂದಿಟ್ಟುಕೊಳ್ಳೋಣ. ಕೂಡಿದಾಗ ಎರಡನೆಯವನ ಇಷ್ಟಾನಿಷ್ಟವೇ ಫಲಿತಾಂಶವನ್ನು ಎಳೆದುಕೊಂಡುಹೋಗುತ್ತದೆ. ಅಂಕಗಳ ಬದಲು ಒಂದನೆಯದು, ಎರಡನೆಯದು, ಮೂರನೆಯದು ಎಂಬ ಕ್ರಮಸಂಖ್ಯೆಗಳನ್ನು ಕೂಡಿದರೆ ಈ ದೋಷ ತಪ್ಪುತ್ತದೆ. ಇಂಥ ಕ್ರಮವನ್ನು ೧೭೭೦ರಲ್ಲಿಯೇ ಫ್ರೆಂಚ್ ವಿಜ್ಞಾನಿಗಳ ಮುಂದೆ ಮಂಡಿಸಿದವನು ಬೋರ್ಡಾ. ತಕ್ಕಡಿಯ ಎರಡು ತೋಳುಗಳು ಅಸಮವಾಗಿದ್ದರೂ ಸರಿಯಾದ ತೂಕವನ್ನು ಕಂಡುಹಿಡಿಯುವ, ವಸ್ತುವಿನ ಸ್ಥಾನದಲ್ಲಿಯೇ ಬಟ್ಟುಗಳನ್ನು ಇಟ್ಟು ತೂಗುವ ವಿಧಾನವೂ ಅವನ ಹೆಸರಿನಲ್ಲಿಯೇ ಪ್ರಸಿದ್ಧವಾಗಿದೆ. ಸುಳ್ಳು ತಕ್ಕಡಿಯಿಂದಲೂ ನಿಜವನ್ನು ಹೊರಡಿಸುವ ಕಲೆ ಅವನಿಗೆ ತಿಳಿದಿದ್ದಿತು.

ಹಾಗಾದರೆ ಪ್ಯಾರಿಸ್ಸಿನ ಪರೀಕ್ಷೆ ವ್ಯರ್ಥವಾಯಿತೆ? ಇಲ್ಲ. ‘ಕ್ಯಾಲಿಫೋರ್ನಿಯದ ವೈನು ಫ್ರಾನ್ಸಿನದಕ್ಕಿಂತ ಮೇಲು’ ಎಂಬುದನ್ನು ಅದು ಸಿದ್ಧಪಡಿಸಲಿಲ್ಲ. ಒಂದೊಂದು ಪ್ರಾಂತದ ಬೆರಳೆಣಿಕೆಯ ಶೀಷೆಗಳಿಂದ ಅದನ್ನು ಸಿದ್ಧಪಡಿಸುವುದೂ ಸಾಧ್ಯವಿರಲಿಲ್ಲ. ಅದು ತೋರಿಸಿಕೊಟ್ಟದ್ದು ಬೇರೆ. ಗುರುತನ್ನು ಮುಚ್ಚಿದೊಡನೆ ಫ್ರಾನ್ಸಿನ ಅತ್ಯುತ್ತಮ ಪರಿಣತರಿಗೂ ಎರಡು ನಾಡುಗಳ ಶ್ರೇಷ್ಠ ವೈನುಗಳಲ್ಲಿ ತಮ್ಮದು ಮೇಲೆಂದು ಹೇಳಲಾಗಲಿಲ್ಲ. ಎದ್ದು ಕಾಣುತ್ತಿದ್ದ ಎಣ್ಣೆಚುಕ್ಕೆ ಮಾಯವಾಯಿತು! ಒಂದು ಶತಮಾನಕ್ಕೂ ಹೆಚ್ಚು ಕಾಲದಿಂದ ಪ್ರಶ್ನೆಯಿಲ್ಲದೆ ನಡೆದುಬಂದ ನಂಬಿಕೆಯನ್ನು ಅಲುಗಿಸಲು ಅಷ್ಟು ಸಾಕಾಗಿತ್ತು.

ಫ್ರಾನ್ಸಿನ ವೈನು ನಿಧಾನವಾಗಿ ಪಕ್ವವಾಗುತ್ತದೆ, ಕಾದುನೋಡಿ ಎಂದು ಕೆಲವರು ಆಕ್ಷೇಪಿಸಿದರು. ಅದನ್ನೂ ಕಾದು ನೋಡಿದ್ದಾಯಿತು. ಸರಿಯಾಗಿ ಮೂವತ್ತು ವರ್ಷಗಳ ಮೇಲೆ, ೨೦೦೬ನೆಯ ಮೇ ೨೪ರಂದು, ಅವೇ ವರ್ಷಗಳ ಅವೇ ಕೆಂಪು ವೈನುಗಳನ್ನು ಲಂಡನ್ ಮತ್ತು ನಾಪಾದಲ್ಲಿ ಏಕಕಾಲಕ್ಕೆ ಪರೀಕ್ಷಿಸಿದರು. ಮೊದಲ ಐದು ಸ್ಥಾನಗಳೂ ಕ್ಯಾಲಿಫೋರ್ನಿಯಕ್ಕೆ ಸಂದವು. ೧೯೭೬ರಲ್ಲಿ ಐದನೆಯದಾಗಿದ್ದ ರಿಡ್ಜ್ ಎಂಬ ವೈನು ಮೊದಲನೆಯದಾಯಿತು; ಎರಡನೆಯದಾಗಿದ್ದ ಮೂಟೋನ್ ಆರನೆಯದಾಯಿತು. ಆಕ್ಷೇಪಣೆ ನಿಲ್ಲಲಿಲ್ಲ. ಹಳೆಯ ಕ್ರಮಾಂಕಗಳೂ ನಿಲ್ಲಲಿಲ್ಲ.

ಮೂರು ಲೋಟಗಳು

ಇಷ್ಟನ್ನು ಓದಿದ ಮೇಲೆ ‘ನಾಲಗೆಯನ್ನು ನಂಬುವಂತೆಯೇ ಇಲ್ಲ’ ಎಂದು ಯಾರಾದರೂ ತೀರ್ಮಾನಿಸಿದರೆ ಅದು ತಪ್ಪು. ನಂಬುವುದಕ್ಕೆ ಮೊದಲು ಪರೀಕ್ಷಿಸಬೇಕು, ಅಷ್ಟೆ. ಆ ಪರೀಕ್ಷೆಯನ್ನು ನೀವೇ ಮಾಡಬಹುದು. ಅದಕ್ಕೆ ಮದ್ಯ ಬೇಡ, ಮನೆಯ ಕಾಫಿ ಸಾಕು.

ಚಿಕೋರಿ ಬೆರೆತ ಪುಡಿಯ ಕಾಫಿಯನ್ನೂ ಬೆರೆಯದ ಪುಡಿಯ ಕಾಫಿಯನ್ನೂ ರುಚಿಯಿಂದಲೇ ಗುರುತಿಸಬಲ್ಲೆನೆಂದು ನಿಮ್ಮ ಗೆಳೆಯನೊಬ್ಬನು ಹೇಳುತ್ತಾನೆಂದು ಭಾವಿಸಿ. ಅವನ ಮುಂದೆ ಮೂರು ಲೋಟಗಳನ್ನು ಇಡಿ. ಎರಡರಲ್ಲಿ ಒಂದು ಬಗೆ, ಮೂರನೆಯದರಲ್ಲಿ ಇನ್ನೊಂದು ಬಗೆ. ಬೇರೆಯಾದುದು ಯಾವುದು ಎಂದಷ್ಟೇ ಅವನು ಹೇಳಬೇಕು. ಒಳ್ಳೆಯದು, ಕೆಟ್ಟದ್ದು ಎಂಬ ಮಾತಿಲ್ಲ, ಅಂಕವೂ ಇಲ್ಲ. ಇದು ನಾಲಗೆಯ ಎಣ್ಣೆಚುಕ್ಕೆ. ಬಣ್ಣದ ವ್ಯತ್ಯಾಸ ಸುಳಿವು ಕೊಡದಂತೆ ಅವನ ಕಣ್ಣಿಗೆ ಬಟ್ಟೆ ಕಟ್ಟಬೇಕು. ಕಾಫಿಯನ್ನು ಸುರಿದು ಲೋಟಗಳ ಅಡಿಯಲ್ಲಿ ಗುರುತಿನ ಚೀಟಿ ಅಂಟಿಸಿದವನು ಕೋಣೆಯಿಂದ ಹೊರಗಿರಬೇಕು. ಯಾವುದು ಯಾವುದೆಂದು ತಿಳಿಯದ ಇನ್ನೊಬ್ಬನು ಲೋಟಗಳನ್ನು ಕೊಡಬೇಕು. ಇಲ್ಲವಾದರೆ ಮಾತಿನ ಧಾಟಿಯೇ ಉತ್ತರವನ್ನು ಹೇಳಿಬಿಡುತ್ತದೆ. ಸಕ್ಕರೆ, ಹಾಲು, ಬಿಸಿ ಎಲ್ಲವೂ ಸಮವಾಗಿರಬೇಕು. ನಡುನಡುವೆ ಬಾಯಿ ಮುಕ್ಕಳಿಸಬೇಕು.

ಎರಡು ಬಗೆಗಳನ್ನು ಹೀಗೆ ಮೂರು ಲೋಟಗಳಲ್ಲಿ ಜೋಡಿಸಲು ಆರು ವಿಧಗಳುಂಟು. ಪ್ರತಿಯೊಂದನ್ನೂ ಎರಡು ಸಲ ಬಳಸಿದರೆ ಹನ್ನೆರಡು ಪರೀಕ್ಷೆಗಳಾದುವು. ಬರಿಯ ಊಹೆಯಿಂದ ಹೇಳುವವನಿಗೆ ಮೂರಕ್ಕೊಂದರಂತೆ ನಾಲ್ಕು ಉತ್ತರಗಳು ಸರಿಯಾಗಬಹುದು. ಎಂಟು ಅಥವಾ ಅದಕ್ಕಿಂತ ಹೆಚ್ಚು ಸರಿಯಾಗುವ ಸಂಭವ ನೂರಕ್ಕೆ ಎರಡಕ್ಕಿಂತಲೂ ಕಡಿಮೆ. ಗಣಿತದಲ್ಲಿ ಆಸಕ್ತಿಯುಳ್ಳವರು ದ್ವಿಪದ ಪ್ರಮೇಯದಿಂದ ಇದನ್ನು ತಾಳೆನೋಡಬಹುದು. ಆದುದರಿಂದ ಗೆಳೆಯನು ಎಂಟು ಸಲ ಗೆದ್ದರೆ ಅವನ ನಾಲಗೆಗೆ ತಲೆಬಾಗಿ. ಐದೇ ಸಲ ಗೆದ್ದರೆ ‘ನಿನಗೆ ಗೊತ್ತಾಗುವುದಿಲ್ಲ’ ಎಂದು ಹಂಗಿಸಬೇಡಿ. ‘ಗೊತ್ತಾಗುತ್ತದೆಂಬುದಕ್ಕೆ ಇನ್ನೂ ಸಾಕ್ಷ್ಯವಿಲ್ಲ’ ಎಂದಷ್ಟೇ ಹೇಳಬಹುದು.

ಹೀಗೆ ನಾಲಗೆಯೂ ಒಂದು ತಕ್ಕಡಿಯೇ. ಅದು ಕೂದಲೆಳೆಯನ್ನೂ ತೂಗಬಲ್ಲುದು. ಆದರೆ ಅದರ ಮುಳ್ಳು ಗಾಳಿಗೂ ಅಲುಗುತ್ತದೆ. ಗಾಳಿಯನ್ನು ತಡೆಯುವುದು, ಮತ್ತೆ ಮತ್ತೆ ತೂಗುವುದು, ಮುಳ್ಳು ಎಷ್ಟು ಅಲುಗುತ್ತದೆಂಬುದನ್ನು ಫಲಿತಾಂಶದೊಂದಿಗೆ ಮರೆಯದೆ ಬರೆಯುವುದು, ಇವಿಷ್ಟೇ ನ್ಯಾಯವಾದ ಹೋಲಿಕೆಯ ಗುಟ್ಟು. ದ್ರಾಕ್ಷಿಯ ರಸಕ್ಕೆ ಸಲ್ಲುವ ಈ ಮಾತು ಮನುಷ್ಯರಿಗೂ ಸಲ್ಲುತ್ತದೆ. ಇಬ್ಬರು ವಿದ್ಯಾರ್ಥಿಗಳ ನಡುವೆ ಅರ್ಧ ಅಂಕದ ವ್ಯತ್ಯಾಸವನ್ನು ನೋಡಿ ಒಬ್ಬನನ್ನು ಹೊಗಳಿ ಇನ್ನೊಬ್ಬನನ್ನು ಹಳಿಯುವ ಮೊದಲು, ತೂಗಿದ ತಕ್ಕಡಿಯ ಮುಳ್ಳು ಎಷ್ಟು ಅಲುಗುತ್ತಿತ್ತು ಎಂದು ಕೇಳುವುದು ನಮ್ಮೆಲ್ಲರ ಕರ್ತವ್ಯ. ಆ ಹುಡುಗನ ೩೩ ಕೊನೆಗೆ ೩೮ ಆಯಿತು. ನಾನು ಎರಡನೆಯ ಸಲ ನೋಡದೆ ಬಿಟ್ಟ ಪತ್ರಿಕೆಗಳು ಎಷ್ಟೋ.